ಮನೆಯಲ್ಲಿ ಜೇನು ಕಟ್ಟಿದೆಯೇ? ಎರಿ ಸಮೇತ ತೆಗೆಯುವ ಸಮಗ್ರ ಮಾರ್ಗದರ್ಶಿ

ಗೋಡೆಯ ಸಂದಿಯಿಂದ ಜೇನುನೊಣ ಹೋಗಿ ಬರುವುದು ಕಂಡರೆ ಹೆಚ್ಚಿನವರು ಮೊದಲು ಆ ಸಂದಿಯನ್ನು ಮುಚ್ಚುತ್ತಾರೆ. ಇಲ್ಲವೇ ಕೀಟನಾಶಕ ಹೊಡೆಯುತ್ತಾರೆ. ಎರಡೂ ಬೇಡ. ಸಂದಿ ಮುಚ್ಚಿದರೆ ಒಳಗಿನ ನೊಣಗಳು ಬೇರೆ ದಾರಿ ಹುಡುಕುತ್ತವೆ. ಆ ದಾರಿ ಸ್ವಿಚ್ ಬೋರ್ಡಿನ ತೂತಿನಿಂದ ನೇರ ನಿಮ್ಮ ಮಲಗುವ ಕೋಣೆಗೇ ಬರಬಹುದು. ಔಷಧಿ ಹೊಡೆದರೆ ನೊಣ ಸಾಯುತ್ತವೆ, ನಿಜ. ಆದರೆ ಎರಿ, ಅಂದರೆ ಜೇನು ಮತ್ತು ಮರಿ ತುಂಬಿದ ಮೇಣದ ಹಲ್ಲೆ, ಗೋಡೆಯೊಳಗೆ ಹಾಗೇ ಉಳಿಯುತ್ತದೆ. ಅಸಲಿ ತಲೆನೋವು ಆಮೇಲೆ ಶುರುವಾಗುತ್ತದೆ.

ಜೀವಂತ ಗೂಡನ್ನು ನೊಣಗಳೇ ನೋಡಿಕೊಳ್ಳುತ್ತವೆ. ಮರಿಗಳಿರುವ ಭಾಗವನ್ನು 34-36 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತವೆ. ಬಿಸಿಲು ಜಾಸ್ತಿಯಾದರೆ ನೀರು ತಂದು ಚಿಮುಕಿಸಿ ರೆಕ್ಕೆಯಿಂದ ಗಾಳಿ ಹಾಕುತ್ತವೆ. ಇರುವೆ, ಮೇಣದ ಪತಂಗ ಒಳಗೆ ಬರದಂತೆ ಕಾಯುತ್ತವೆ. ನೊಣ ಸತ್ತ ಮೇಲೆ ಈ ಕೆಲಸ ಮಾಡುವವರಿಲ್ಲ. ಬಿಸಿಲಿಗೆ ಮೇಣ ಮೆತ್ತಗಾಗಿ ಎರಿ ಕುಸಿಯುತ್ತದೆ. ಜೇನು ಸೋರಿ ಗೋಡೆ, ಛಾವಣಿಯ ಮೇಲೆ ಕಂದು ಕಲೆ ಮೂಡುತ್ತದೆ. ಸತ್ತ ಮರಿಗಳು ಕೊಳೆತು ನಾರುತ್ತವೆ. ಇರುವೆ, ಜಿರಳೆ, ಇಲಿ ಎಲ್ಲಾ ಬರುತ್ತವೆ. ಸುತ್ತಮುತ್ತಲ ಬೇರೆ ಜೇನುಗಳು ಬಂದು ವಿಷ ಬೆರೆತ ಜೇನನ್ನೇ ಹೊತ್ತುಕೊಂಡು ಹೋಗುತ್ತವೆ. ಮುಂದಿನ ಸಲ ಯಾವುದಾದರೂ ಹಿಂಡು ಹೊಸ ಮನೆ ಹುಡುಕುವಾಗ ಹಳೆ ಮೇಣದ ವಾಸನೆ ಹಿಡಿದು ಅಲ್ಲಿಗೇ ಬಂದು ಕೂರುತ್ತದೆ.

ಹಾಗಾಗಿ ನೊಣ ಹೋದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಎರಿ ಹೊರಗೆ ಬಂದು, ಜಾಗ ತೊಳೆದು, ಸಂದಿ ಮುಚ್ಚಿದರೆ ಮಾತ್ರ ಮುಗಿದ ಹಾಗೆ. ಕೆಳಗೆ ಹೇಳುವುದೆಲ್ಲ ಈ ಒಂದು ಲೆಕ್ಕದ ಮೇಲೇ ನಿಂತಿದೆ.

ಹಂತ 1: ದೂರದಿಂದ ನೋಡಿ, ಯಾವುದು ಎಂದು ಗುರುತಿಸಿ

ಹತ್ತು ಮೀಟರ್ ದೂರದಲ್ಲಿ ನಿಂತು ಫೋನಿನ ಕ್ಯಾಮೆರಾ ಜೂಮ್ ಮಾಡಿ ನೋಡಿ. ಕೋಲು ಹಾಕಿ ತಿವಿಯುವುದು, ನೀರು ಎರಚುವುದು, ಕಲ್ಲು ಹೊಡೆಯುವುದು ಬೇಡವೇ ಬೇಡ.

ಮೊದಲನೆಯದಾಗಿ, ಅದು ಜೇನೇ ಹೌದಾ? ತೆಳು ಸೊಂಟ, ನುಣುಪು ಮೈ, ಬೂದು ಕಾಗದದಂಥ ಗೂಡು ಇದ್ದರೆ ಅದು ಕಣಜ. ಅದರ ಗೂಡಿನಲ್ಲಿ ಮೇಣವಿಲ್ಲ, ತೆಗೆಯುವ ರೀತಿಯೂ ಬೇರೆ. ಮರದ ತೊಲೆಗೆ ಗುಂಡಗೆ ತೂತು ಕೊರೆಯುತ್ತಿರುವ ದಪ್ಪನೆಯ ಕಪ್ಪು ದುಂಬಿಯಾದರೆ ಅದು ಒಂಟಿ ಜೀವ, ಹಿಂಡು ಕಟ್ಟುವುದಿಲ್ಲ. ಮೈಮೇಲೆ ಸಣ್ಣ ರೋಮ, ಕಂದು-ಹಳದಿ ಪಟ್ಟೆ, ಹಿಂಗಾಲಿನಲ್ಲಿ ಪರಾಗದ ಉಂಡೆ ಕಂಡರೆ ಜೇನು.

ಎರಡನೆಯದಾಗಿ, ಅದು ಹಿಂಡೋ ಗೂಡೋ? ಕುಟುಂಬ ದೊಡ್ಡದಾದಾಗ ಹಳೆ ರಾಣಿ ಅರ್ಧದಷ್ಟು ನೊಣಗಳನ್ನು ಕಟ್ಟಿಕೊಂಡು ಹೊರಡುತ್ತದೆ. ಜೇನು ಪಾಲಾಗುವುದು ಎಂದರೆ ಇದೇ. ಹೀಗೆ ಹೊರಟ ಹಿಂಡು ಕೊಂಬೆಗೋ ಗೇಟಿಗೋ ಬಾಲ್ಕನಿಯ ಸರಳಿಗೋ ಗಡ್ಡದಂತೆ ಜೋತುಬೀಳುತ್ತದೆ. ನೊಣದ ರಾಶಿ ಬಿಟ್ಟರೆ ಎರಿ ಇರುವುದಿಲ್ಲ. ಹೊಟ್ಟೆ ತುಂಬ ಜೇನು ಕುಡಿದು ಹೊರಟಿರುತ್ತವೆ, ಕಾಯಲು ಮರಿ ಇರುವುದಿಲ್ಲ. ಹಾಗಾಗಿ ಕೆಣಕದಿದ್ದರೆ ಕುಟುಕುವುದು ಕಡಿಮೆ. ಸಾಮಾನ್ಯವಾಗಿ ಕೆಲವು ಗಂಟೆಗಳಿಂದ ಎರಡು ಮೂರು ದಿನದೊಳಗೆ ತಾನಾಗಿ ಹೊರಟುಹೋಗುತ್ತದೆ.

ಆ ಹೊತ್ತಿನಲ್ಲಿ ಕೆಲವು ನೊಣಗಳು ಹೊಸ ಮನೆ ಹುಡುಕುತ್ತಿರುತ್ತವೆ. 1949ರಲ್ಲಿ ಜರ್ಮನಿಯ ಮಾರ್ಟಿನ್ ಲಿಂಡೌವರ್ ಎಂಬ ವಿಜ್ಞಾನಿ ಇಂಥ ಒಂದು ಹಿಂಡಿನ ಮೇಲೆ ಕುಣಿಯುತ್ತಿದ್ದ ನೊಣಗಳನ್ನು ನೋಡಿದರು. ಅವುಗಳ ಮೈಗೆ ಮಸಿ, ಇಟ್ಟಿಗೆಯ ಪುಡಿ ಅಂಟಿತ್ತು. ಹೂವಿಂದ ಬಂದ ನೊಣಕ್ಕೆ ಮಸಿ ಹತ್ತುವುದಿಲ್ಲ ಅಲ್ವಾ? ಅವು ಚಿಮಣಿ, ಗೋಡೆಯ ಪೊಟರೆಗಳನ್ನು ಪರೀಕ್ಷೆ ಮಾಡಿ ಬಂದಿದ್ದವು. ನಮ್ಮ ಮನೆಗಳು ಅವುಗಳ ಪಟ್ಟಿಯಲ್ಲಿ ಮೊದಲಿಂದಲೂ ಇವೆ. ನಿಮ್ಮ ಮನೆಯ ಸಂದಿಯ ಹತ್ತಿರ ಹತ್ತಿಪ್ಪತ್ತು ನೊಣ ಒಳಗೆ ಹೊರಗೆ ಓಡಾಡುತ್ತಾ ಮೂಸಿ ನೋಡುತ್ತಿವೆ, ಪರಾಗ ಮಾತ್ರ ಹೊತ್ತಿಲ್ಲ ಎಂದರೆ ಇನ್ನೂ ಮನೆ ನೋಡುವ ಹಂತದಲ್ಲಿವೆ ಎಂದರ್ಥ. ಅವತ್ತೇ ಕತ್ತಲಾಗಿ ಅವೆಲ್ಲ ವಾಪಸ್ ಹೋದ ಮೇಲೆ ಸಂದಿ ಮುಚ್ಚಿಬಿಡಿ. ಏನನ್ನೂ ತೆಗೆಯದೆ ನೇರ ಸಂದಿ ಮುಚ್ಚಿ ಎಂದು ನಾನು ಹೇಳುವುದು ಈ ಒಂದು ಸಂದರ್ಭದಲ್ಲಿ ಮಾತ್ರ. ಕಾಲಲ್ಲಿ ಪರಾಗ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರೆ ಒಳಗೆ ಮರಿ ಸಾಕುತ್ತಿವೆ. ಅಲ್ಲಿಗೆ ಅದು ಗೂಡಾಯಿತು.

ಮೂರನೆಯದು, ಯಾವ ಜಾತಿ. ನೀವು ಕೈ ಹಾಕಬಹುದೋ ಇಲ್ಲವೋ ಎನ್ನುವುದು ಇದರ ಮೇಲೆ ನಿಂತಿದೆ.

ಹೆಜ್ಜೇನು: ಎತ್ತರದ ಕಟ್ಟಡದ ಸಜ್ಜೆ, ನೀರಿನ ಟ್ಯಾಂಕು, ದೊಡ್ಡ ಮರದ ಕೊಂಬೆ ಇದರ ಜಾಗ. ಬಯಲಲ್ಲೇ ಒಂದೇ ಒಂದು ದೊಡ್ಡ ಎರಿ, ಒಂದು ಮೀಟರ್ ಅಗಲಕ್ಕೂ ಬೆಳೆಯಬಹುದು. ಹೊರಗಿನಿಂದ ನೊಣಗಳೇ ಹೊದಿಕೆಯಂತೆ ಮುಚ್ಚಿಕೊಂಡಿರುತ್ತವೆ. ಹತ್ತಿರ ಏನಾದರೂ ಚಲಿಸಿದರೆ ಮೇಲ್ಮೈಯಲ್ಲಿ ಅಲೆ ಎದ್ದಂತೆ ಮಿನುಗುತ್ತದೆ. ಅದು ಎಚ್ಚರಿಕೆ. ಎದ್ದರೆ ಸಾವಿರಗಟ್ಟಲೆ ಏಳುತ್ತದೆ, ನೂರಾರು ಮೀಟರ್ ಅಟ್ಟಿಸಿಕೊಂಡು ಬರುತ್ತದೆ.

ತುಡುವೆ: ಗೋಡೆಯ ಪೊಟರೆ, ಛಾವಣಿಯ ಒಳಗು, ಹಳೆ ಪೆಟ್ಟಿಗೆ, ಮೀಟರ್ ಬಾಕ್ಸ್ ಇದಕ್ಕೆ ಇಷ್ಟ. ಕತ್ತಲಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಎರಿ ಕಟ್ಟುತ್ತದೆ. ಸ್ವಭಾವ ಸಾಧು. ಪೆಟ್ಟಿಗೆಯಲ್ಲಿ ಸಾಕಬಹುದು. ಆದರೆ ಕಾಟ ಕೊಟ್ಟರೆ ಗೂಡು ಬಿಟ್ಟು ಹೊರಟುಬಿಡುತ್ತದೆ. ಯುರೋಪಿಯನ್ ಜೇನು ಕೂಡ ಹೀಗೇ ಪೊಟರೆಯಲ್ಲಿ ಕಟ್ಟುತ್ತದೆ. ನೊಣ ಸ್ವಲ್ಪ ದೊಡ್ಡದು, ಕುಟುಂಬವೂ ದೊಡ್ಡದು, ಒಳಗಿನ ಜೇನೂ ಜಾಸ್ತಿ.

ಕೋಲುಜೇನು: ಪೊದೆಯ ಕಡ್ಡಿ, ಕಿಟಕಿಯ ಸರಳು ಸುತ್ತಿಕೊಂಡು ಅಂಗೈ ಅಗಲದಿಂದ ಎರಡಂಗೈ ಅಗಲದವರೆಗಿನ ಒಂದೇ ಎರಿ. ನೊಣ ಸಣ್ಣದು, ಕುಟುಕುವುದು ಕಡಿಮೆ.

ಮುಜಂಟಿ: ಇರುವೆಯಷ್ಟೇ ದೊಡ್ಡ ಕಪ್ಪು ನೊಣ. ಗೋಡೆಯ ತೂತಿನ ಬಾಯಲ್ಲಿ ಅಂಟಿನಿಂದ ಮಾಡಿದ ಸಣ್ಣ ಕೊಳವೆ ಕಾಣುತ್ತದೆ. ಇದಕ್ಕೆ ಮುಳ್ಳೇ ಇಲ್ಲ, ಕುಟುಕಲಾರದು. ದಯವಿಟ್ಟು ಇದನ್ನು ಅದರ ಪಾಡಿಗೆ ಬಿಟ್ಟುಬಿಡಿ. ತೆಗೆಯುವುದಕ್ಕೆ ಒಂದು ಕಾರಣವೂ ಇಲ್ಲ.

ಹಂತ 2: ತೆಗೆಯಲೇಬೇಕೇ?

ಎಲ್ಲ ಜೇನನ್ನೂ ತೆಗೆಯಬೇಕಿಲ್ಲ. ತೋಟದ ಮೂಲೆಯ ಕೋಲುಜೇನು, ಯಾರೂ ಓಡಾಡದ ಎತ್ತರದಲ್ಲಿರುವ ಗೂಡು ನಿಮಗೇನೂ ಮಾಡುವುದಿಲ್ಲ. ಗೋಡೆಯೊಳಗಿನದು ಮಾತ್ರ ಬೇರೆ ಲೆಕ್ಕ. ಅದು ಬೆಳೆಯುತ್ತಲೇ ಹೋಗುತ್ತದೆ. ಬಂದ ಮೊದಲ ವಾರ ಎರಿ ಸಣ್ಣದು, ಜೇನು ಕಡಿಮೆ, ತೆಗೆಯುವುದು ಸುಲಭ. ತಿಂಗಳುಗಟ್ಟಲೆ ಬಿಟ್ಟರೆ ಅದೇ ಕೆಲಸ ಹತ್ತು ಪಟ್ಟು. ಆದ್ದರಿಂದ ಗೋಡೆಯೊಳಗೆ ಸೇರಿದ್ದು ಖಚಿತವಾದರೆ ತಡ ಮಾಡಬೇಡಿ. ಬಯಲಲ್ಲಿ ಜೋತುಬಿದ್ದಿದ್ದರೆ ಅವಸರ ಮಾಡಬೇಡಿ.

ಮನೆಯಲ್ಲಿ ಯಾರಿಗಾದರೂ ಜೇನಿನ ಕುಟುಕಿಗೆ ತೀವ್ರ ಅಲರ್ಜಿ ಇದ್ದರೆ ಯೋಚಿಸುವುದೇನೂ ಉಳಿಯುವುದಿಲ್ಲ. ತಜ್ಞರನ್ನು ಕರೆಯಿರಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳಿ. ಗೋಡೆ ಒಡೆಯುವ ಮಾತು ಇದರಲ್ಲಿ ಬಂದೇ ಬರುತ್ತದೆ.

ಹಂತ 3: ಯಾರು ಮಾಡಬೇಕು

ಹೆಜ್ಜೇನು, ಏಣಿ ಹತ್ತಬೇಕಾದ ಎತ್ತರ, ವಿದ್ಯುತ್ ತಂತಿಯ ಪಕ್ಕ, ಗೋಡೆಯೊಳಗಿನ ದೊಡ್ಡ ಗೂಡು. ಇವು ನಾಲ್ಕನ್ನೂ ನೀವೇ ಮಾಡಲು ಹೋಗಬೇಡಿ. ಕೆಳಗಿನ ಎತ್ತರದಲ್ಲಿರುವ ಹಿಂಡು, ಪೆಟ್ಟಿಗೆಯಲ್ಲೋ ತಗ್ಗು ಪೊಟರೆಯಲ್ಲೋ ಇರುವ ಸಣ್ಣ ತುಡುವೆ ಗೂಡು ಇವನ್ನು ಅನುಭವ ಇರುವವರೊಬ್ಬರು ಜೊತೆಗಿದ್ದರೆ ಮಾಡಬಹುದು. ಒಬ್ಬರೇ ಮಾತ್ರ ಬೇಡ.

ಕರೆಯುವುದಾದರೆ ಮೊದಲ ಆಯ್ಕೆ ಜೇನು ಸಾಕುವವರು. ಅವರಿಗೆ ಅದು ಬೇಕಾದ ಕುಟುಂಬ, ನಿಮಗೆ ಬೇಡವಾದದ್ದು. ಇಬ್ಬರಿಗೂ ಲಾಭ. ಕೀಟ ನಿವಾರಣೆಯವರು ಬಂದರೆ ಹೆಚ್ಚಾಗಿ ವಿಷ ಹೊಡೆದು ಹೋಗುತ್ತಾರೆ, ಎರಿ ನಿಮ್ಮ ಪಾಲಿಗೆ. ಪಂಜು ಹಚ್ಚಿ ಸುಟ್ಟು ಓಡಿಸುತ್ತೇನೆ ಎನ್ನುವವರನ್ನು ಮನೆ ಹತ್ತಿರ ಸೇರಿಸಲೇಬೇಡಿ. ಯಾರೇ ಬರಲಿ, ಒಪ್ಪುವ ಮೊದಲು ಇಷ್ಟು ಕೇಳಿ:

- ಎರಿಯನ್ನು ಪೂರ್ತಿ ಹೊರತೆಗೆಯುತ್ತೀರಾ, ನೊಣ ಮಾತ್ರವಾ?
- ಜೇನು ಕುಟುಂಬವನ್ನು ಎಲ್ಲಿಗೆ ಒಯ್ಯುತ್ತೀರಿ?
- ಒಡೆದ ಗೋಡೆ ಸರಿಮಾಡುವವರು ಯಾರು?
- ಪೊಟರೆ ತೊಳೆದು ಸಂದಿ ಮುಚ್ಚುವುದು ನಿಮ್ಮ ಕೆಲಸದಲ್ಲಿ ಸೇರಿದೆಯಾ?
- ಅಕ್ಕಪಕ್ಕದ ಮನೆಯವರಿಗೆ ತೊಂದರೆಯಾದರೆ ಏನು ವ್ಯವಸ್ಥೆ?

ಮೊದಲ ಪ್ರಶ್ನೆಗೆ ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ಹಂತ 4: ಕುಟುಕಿದರೆ, ಎದ್ದರೆ ಏನು ಮಾಡಬೇಕು

ಕೆಲಸ ಶುರು ಮಾಡುವ ಮೊದಲೇ ಇದು ಬಾಯಿಪಾಠ ಆಗಿರಬೇಕು.

ಜೇನುನೊಣದ ಮುಳ್ಳಿಗೆ ಹಿಂದಕ್ಕೆ ಬಾಗಿದ ಹಲ್ಲುಗಳಿವೆ. ಚುಚ್ಚಿದ ಮೇಲೆ ಮುಳ್ಳು ವಿಷದ ಚೀಲ ಸಮೇತ ಚರ್ಮದಲ್ಲೇ ಉಳಿಯುತ್ತದೆ. ನೊಣ ಹಾರಿಹೋದ ಮೇಲೂ ಆ ಚೀಲ ವಿಷ ಒತ್ತುತ್ತಲೇ ಇರುತ್ತದೆ. ಹಾಗಾಗಿ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯಿರಿ, ಚಿವುಟಿ ತೆಗೆಯಿರಿ, ಹೇಗಾದರೂ ತೆಗೆಯಿರಿ, ಆದರೆ ಕ್ಷಣವೂ ತಡ ಮಾಡಬೇಡಿ. ಮುಳ್ಳು ಕೆರೆಯಲು ಕಾರ್ಡ್ ಹುಡುಕುತ್ತಾ ಕೂರುವಷ್ಟರಲ್ಲಿ ವಿಷವೆಲ್ಲ ಒಳಗಿಳಿದಿರುತ್ತದೆ. ಆಮೇಲೆ ಸೋಪಿನಿಂದ ತೊಳೆದು ತಣ್ಣನೆಯ ಪಟ್ಟಿ ಇಡಿ. ತೊಳೆಯುವುದಕ್ಕೆ ಇನ್ನೊಂದು ಕಾರಣವಿದೆ. ಮುಳ್ಳಿನ ಜೊತೆ ಬಾಳೆಹಣ್ಣಿನಂಥ ವಾಸನೆಯ ಒಂದು ರಾಸಾಯನಿಕ ಹೊರಬರುತ್ತದೆ. ಅದು ಉಳಿದ ನೊಣಗಳಿಗೆ 'ಇಲ್ಲೇ ಕುಟುಕಿ' ಎಂದು ಗುರುತು ಹಾಕಿಕೊಟ್ಟ ಹಾಗೆ.

ಊತ, ಉರಿ, ನವೆ ಒಂದೆರಡು ದಿನ ಇರುವುದು ಸಾಮಾನ್ಯ. ಉಸಿರು ಕಟ್ಟುವುದು, ನಾಲಿಗೆ ಅಥವಾ ಗಂಟಲು ಊದುವುದು, ಮೈಯೆಲ್ಲ ದದ್ದು, ವಾಂತಿ, ತಲೆಸುತ್ತು, ಪ್ರಜ್ಞೆ ತಪ್ಪುವುದು ಇವು ಕಂಡರೆ ಅದು ತೀವ್ರ ಅಲರ್ಜಿ. ಎಪಿನೆಫ್ರಿನ್ ಚುಚ್ಚುಮದ್ದು ಕೈಯಲ್ಲಿದ್ದರೆ ತಕ್ಷಣ ಕೊಡಿ, ಆಂಬ್ಯುಲೆನ್ಸ್ ಕರೆಯಿರಿ. ಅಲರ್ಜಿ ಮಾತ್ರೆ ನುಂಗಿ ಕಾಯುತ್ತಾ ಕೂರುವ ಹೊತ್ತು ಇದಲ್ಲ. ಅಲರ್ಜಿ ಇಲ್ಲದವರಿಗೂ ಹತ್ತಾರು ಕುಟುಕು ಬಿದ್ದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಅಷ್ಟು ವಿಷ ಸ್ನಾಯು, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು, ಅದು ಕಾಣಿಸಿಕೊಳ್ಳುವುದು ತಡವಾಗಿ. ಮಕ್ಕಳು, ವಯಸ್ಸಾದವರ ವಿಷಯದಲ್ಲಿ ಇನ್ನೂ ಕಡಿಮೆ ಕುಟುಕಿಗೇ ಎಚ್ಚರ ಬೇಕು.

ಜೇನು ಎದ್ದರೆ ಕೈ ಬೀಸಬೇಡಿ. ಬಟ್ಟೆಯಿಂದ ಮುಖ ಮುಚ್ಚಿ, ದಾರಿ ಕಾಣುವಷ್ಟು ಮಾತ್ರ ಬಿಟ್ಟು, ಹತ್ತಿರದ ಮನೆ ಅಥವಾ ಕಾರಿನೊಳಗೆ ಓಡಿ ಬಾಗಿಲು ಹಾಕಿಕೊಳ್ಳಿ. ಒಳಗೆ ನಾಲ್ಕಾರು ನೊಣ ಬಂದರೂ ಪರವಾಗಿಲ್ಲ, ಹೊರಗಿನ ಸಾವಿರಕ್ಕಿಂತ ವಾಸಿ. ನೀರಿಗೆ ಹಾರಬೇಡಿ. ನೀವು ತಲೆ ಎತ್ತುವವರೆಗೂ ಮೇಲೆ ಕಾಯುತ್ತಿರುತ್ತವೆ. ಇನ್ನೊಂದು ವಿಷಯ, ಕಟ್ಟಿಹಾಕಿದ ನಾಯಿ, ದನ ಓಡಲಾರವು. ಕೆಲಸದ ದಿನ ಅವನ್ನು ಮೊದಲೇ ದೂರ ಸಾಗಿಸಿ.

ಹಂತ 5: ತಯಾರಿ

ಮುಖದ ಬಲೆ ಇರುವ ತಿಳಿಬಣ್ಣದ ಜೇನುಸಾಕಣೆ ಸೂಟು, ಉದ್ದ ಕೈಗವಸು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ ಬೂಟು. ಕಪ್ಪು ಬಟ್ಟೆ, ಉಣ್ಣೆ, ಸುಗಂಧ ಬೇಡ. ಹೊಗೆತಿದಿಗೆ (ಜೇನಿಗೆ ಹೊಗೆ ಊದುವ ಸಾಧನ) ಒಣ ಎಲೆ, ನಾರು, ಗೋಣಿಯ ಚೂರು ಸಾಕು. ಪ್ಲಾಸ್ಟಿಕ್, ಎಣ್ಣೆ ತಾಗಿದ ಬಟ್ಟೆ ಹಾಕಬಾರದು. ಹೊಗೆ ತಣ್ಣಗಿರಬೇಕು. ಅಂಗೈ ಹಿಂಭಾಗಕ್ಕೆ ಊದಿ ನೋಡಿ, ಬಿಸಿ ಅನ್ನಿಸಿದರೆ ನೊಣದ ರೆಕ್ಕೆ ಸುಡುತ್ತದೆ. ಹೊಗೆ ಎರಡು ಕೆಲಸ ಮಾಡುತ್ತದೆ. ಎಚ್ಚರಿಕೆಯ ವಾಸನೆಯನ್ನು ಮರೆಮಾಚುತ್ತದೆ, ಜೊತೆಗೆ ನೊಣಗಳು ಗಾಬರಿಯಿಂದ ಜೇನು ಕುಡಿಯಲು ತೊಡಗುತ್ತವೆ. ಎರಡು ಮೂರು ಊದು ಸಾಕು, ಸುಮ್ನೆ ತುಂಬಿಸಿಬಿಡಬೇಡಿ.

ಉಳಿದಂತೆ ಖಾಲಿ ಚೌಕಟ್ಟುಗಳಿರುವ ಜೇನು ಪೆಟ್ಟಿಗೆ, ಉದ್ದ ಚೂರಿ, ಮೆತ್ತನೆಯ ಬ್ರಷ್, ಹತ್ತಿಯ ದಾರ ಅಥವಾ ರಬ್ಬರ್ ಬ್ಯಾಂಡ್, ಮುಚ್ಚಳ ಇರುವ ಬಕೆಟ್ಟುಗಳು, ರಾಣಿಯನ್ನು ಹಿಡಿದಿಡುವ ಸಣ್ಣ ಪಂಜರ, ನೀರು, ಹಳೆ ಬಟ್ಟೆ. ಬಿಸಿಲಿರುವ, ಮಳೆಗಾಳಿ ಇಲ್ಲದ ದಿನ ಆರಿಸಿ. ಬೆಳಗ್ಗೆ ಬಿಸಿಲೇರಿದ ಮೇಲೆ ಶುರು ಮಾಡಿದರೆ ಹೊರಕೆಲಸದ ನೊಣಗಳು ಆಚೆ ಹೋಗಿರುತ್ತವೆ, ಸಂಜೆಯೊಳಗೆ ಮುಗಿಸಲೂ ಸಮಯ ಸಿಗುತ್ತದೆ.

ಹಿಂಡು ಜೋತುಬಿದ್ದಿದ್ದರೆ

ಇದು ಸುಲಭದ್ದು. ಪೆಟ್ಟಿಗೆಯನ್ನು ಹಿಂಡಿನ ಕೆಳಗೆ ಹಿಡಿದು ಕೊಂಬೆಯನ್ನು ಒಮ್ಮೆ ಗಟ್ಟಿಯಾಗಿ ಒದರಿ. ಗೋಡೆಗೆ ಅಂಟಿದ್ದರೆ ಬ್ರಷ್ಷಿನಿಂದ ನಿಧಾನಕ್ಕೆ ಸರಿಸಿ. ಮುಚ್ಚಳ ಅರ್ಧ ತೆರೆದು ಅಲ್ಲೇ ನೆಲದ ಮೇಲಿಡಿ. ರಾಣಿ ಒಳಗೆ ಬಿದ್ದಿದ್ದರೆ ಬಾಯಿಯ ಹತ್ತಿರ ಕೆಲವು ನೊಣಗಳು ಹಿಂಭಾಗ ಎತ್ತಿ ರೆಕ್ಕೆ ಬೀಸುತ್ತಾ ನಿಲ್ಲುತ್ತವೆ. ಉಳಿದವನ್ನು ಕರೆಯುವ ವಾಸನೆ ಅದು. ನೋಡನೋಡುತ್ತಿದ್ದಂತೆ ಎಲ್ಲ ಮೆರವಣಿಗೆಯಲ್ಲಿ ಒಳಗೆ ನಡೆಯುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬರದ ದೃಶ್ಯ ಇದು. ಅವು ವಾಪಸ್ ಕೊಂಬೆಗೇ ಹೋಗುತ್ತಿದ್ದರೆ ರಾಣಿ ಅಲ್ಲೇ ಉಳಿದಿದೆ, ಇನ್ನೊಮ್ಮೆ ಒದರಿ. ಕತ್ತಲಾದ ಮೇಲೆ ಪೆಟ್ಟಿಗೆ ಮುಚ್ಚಿ ಒಯ್ಯಿರಿ.

ಗೋಡೆಯೊಳಗಿನ ಗೂಡನ್ನು ಬಿಡಿಸಿ ತೆಗೆಯುವುದು

ಮೊದಲು ಎರಿ ನಿಜವಾಗಿ ಎಲ್ಲಿದೆ ಎಂದು ಹುಡುಕಿ. ನೊಣ ಹೋಗುವ ತೂತಿನ ಹಿಂದೆಯೇ ಇರಬೇಕೆಂದಿಲ್ಲ, ಒಂದು ಮೀಟರ್ ಆಚೆಯೂ ಇರಬಹುದು. ರಾತ್ರಿ ಗದ್ದಲವಿಲ್ಲದಾಗ ಒಳಗೋಡೆಗೆ ಕಿವಿ ಕೊಟ್ಟು, ಅಲ್ಲಲ್ಲಿ ಮೆಲ್ಲಗೆ ತಟ್ಟಿ ಕೇಳಿ. ಗುಂಯ್ ಸದ್ದು ಎಲ್ಲಿ ಜೋರೋ ಅಲ್ಲಿ ಗುರುತು ಹಾಕಿ. ತೆಳು ಗೋಡೆಯಾದರೆ ಅಂಗೈಗೆ ಬೆಚ್ಚಗೆ ತಾಗುತ್ತದೆ. ಥರ್ಮಲ್ ಕ್ಯಾಮೆರಾ ಸಿಕ್ಕರೆ ಗೂಡಿನ ಆಕಾರವೇ ಕಾಣುತ್ತದೆ. ಒಡೆಯುವ ಜಾಗದಲ್ಲಿ ವಯರ್, ನೀರಿನ ಪೈಪು ಇದೆಯೇ, ಅದು ಭಾರ ಹೊರುವ ಗೋಡೆಯೇ ಎಂದು ತಿಳಿದುಕೊಳ್ಳಿ. ಆ ಭಾಗದ ವಿದ್ಯುತ್ ಮೇನ್ ಆಫ್ ಮಾಡಿ. ಒಳಗಿನಿಂದ ಒಡೆಯುವುದಾದರೆ ಆ ಕೋಣೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಉಳಿದ ಮನೆಯಿಂದ ಬೇರ್ಪಡಿಸಿ, ಒಂದು ಕಿಟಕಿ ತೆರೆದಿಡಿ. ಹಾರಿದ ನೊಣ ಬೆಳಕಿನ ಕಡೆಗೆ ಹೋಗುತ್ತದೆ.

ನೊಣ ಹೋಗಿ ಬರುವ ತೂತಿಗೆ ಎರಡು ಮೂರು ಊದು ಹೊಗೆ ಕೊಟ್ಟು ಕೆಲವು ನಿಮಿಷ ಬಿಡಿ. ಹೊಗೆತಿದಿಯನ್ನು ಗೋಡೆಯ ಒಳಕ್ಕೆ ತುರುಕಬೇಡಿ. ಮೇಣ, ಒಣ ಮರ, ಕಿಡಿ ಮೂರೂ ಸೇರಿದರೆ ಮನೆಗೇ ಬೆಂಕಿ. ಆಮೇಲೆ ಗೂಡಿನ ಅಂಚಿನಿಂದ ಹಲಗೆ ಬಿಚ್ಚುತ್ತಾ ಬನ್ನಿ. ನಡುವಿಗೆ ನೇರ ಏಟು ಹಾಕಿದರೆ ಎರಿ ಒಡೆದು ಜೇನು ಹರಿದು ನೊಣಗಳು ಅದರಲ್ಲೇ ಮುಳುಗುತ್ತವೆ, ರಾಣಿಯೂ ಸಾಯಬಹುದು.

ಎರಿ ಕಂಡ ಮೇಲೆ ಅವಸರ ಬೇಡ. ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಜೇನು, ಅದರ ಕೆಳಗೆ ಪರಾಗ, ಮತ್ತೆ ಕೆಳಗೆ ಮೊಟ್ಟೆ-ಮರಿ. ಒಂದು ಬದಿಯ ಎರಿಯಿಂದ ಶುರು ಮಾಡಿ. ನೊಣಗಳನ್ನು ಬ್ರಷ್ಷಿನಿಂದ ಪೆಟ್ಟಿಗೆಯ ಕಡೆ ಸರಿಸಿ, ಎರಿಯನ್ನು ಮೇಲಿನ ಬುಡದಲ್ಲಿ ಕತ್ತರಿಸಿ, ಅಂಗೈ ಆಧಾರ ಕೊಟ್ಟು ಇಳಿಸಿ. ಬಿಸಿಲಿಗೆ ಎರಿ ಮೆದು, ಅಡ್ಡ ಹಿಡಿದರೆ ಸಾಕು ತುಂಡಾಗುತ್ತದೆ.

ಇಳಿಸಿದ ಎರಿಯನ್ನು ಎರಡು ಪಾಲು ಮಾಡಿ. ಮರಿ ಇರುವುದನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ ದಾರದಿಂದ ಕಟ್ಟಿ. ಮೇಲಿನದು ಮೇಲೇ ಇರಬೇಕು, ತಲೆಕೆಳಗಾಗಬಾರದು. ಗೂಡಿನಲ್ಲಿದ್ದ ಸಾಲಿನಲ್ಲೇ ಪೆಟ್ಟಿಗೆಯೊಳಗೆ ಜೋಡಿಸಿ. ನಾಲ್ಕಾರು ದಿನದಲ್ಲಿ ನೊಣಗಳೇ ಮೇಣ ಹಚ್ಚಿ ಬೆಸೆದು, ನಿಮ್ಮ ದಾರವನ್ನು ಕಡಿದು ಹೊರಗೆ ಎಸೆಯುತ್ತವೆ. ಜೇನು ತುಂಬಿದ ಎರಿಯನ್ನು ಪೆಟ್ಟಿಗೆಗೆ ಹಾಕಬೇಡಿ, ಸೋರಿ ಎಲ್ಲವನ್ನೂ ಅಂಟು ಮಾಡುತ್ತದೆ. ಅದು ನೇರ ಬಕೆಟ್ಟಿಗೆ, ತಕ್ಷಣ ಮುಚ್ಚಳ. ತೆರೆದಿಟ್ಟರೆ ಬೇರೆ ಗೂಡಿನ ನೊಣಗಳು ಲೂಟಿಗೆ ಬಂದು ದೊಡ್ಡ ರಗಳೆಯಾಗುತ್ತದೆ. ಹಿಂದೆ ಯಾವಾಗಲಾದರೂ ಆ ಗೂಡಿಗೆ ವಿಷ ಹೊಡೆದ ಅನುಮಾನ ಇದ್ದರೆ ಜೇನನ್ನು ತಿನ್ನಲೂಬೇಡಿ, ನೊಣಗಳಿಗೆ ಕೊಡಲೂಬೇಡಿ. ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿ.

ಈ ನಡುವೆ ಒಂದು ಕಣ್ಣು ರಾಣಿಯ ಮೇಲಿರಲಿ. ಉಳಿದವಕ್ಕಿಂತ ಉದ್ದ ಹೊಟ್ಟೆ, ಅದಕ್ಕೆ ಹೋಲಿಸಿದರೆ ಗಿಡ್ಡ ಕಾಣುವ ರೆಕ್ಕೆ, ಸುತ್ತ ಅದರ ಕಡೆ ಮುಖ ಮಾಡಿದ ನೊಣಗಳು. ಬೆಳಕು ಬಿದ್ದರೆ ಕತ್ತಲ ಮೂಲೆಗೆ ಓಡುತ್ತದೆ. ಕೊನೆಯಲ್ಲಿ ಯಾವ ಮೂಲೆಯಲ್ಲಿ ನೊಣ ಗುಂಪುಗಟ್ಟಿವೆಯೋ ಅಲ್ಲಿ ಹುಡುಕಿ. ಸಿಕ್ಕರೆ ಪಂಜರದಲ್ಲಿ ಹಾಕಿ ಪೆಟ್ಟಿಗೆಯ ನಡುವೆ ಇಡಿ. ರಾಣಿ ಪೆಟ್ಟಿಗೆಯಲ್ಲಿದ್ದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದ ಹಾಗೆ. ಸಿಗದಿದ್ದರೆ ಮರಿ ಎರಿಗಳ ವಾಸನೆಯೇ ನೊಣಗಳನ್ನು ಸೆಳೆಯುತ್ತದೆ. ಎಳೆ ಮರಿ ಇದ್ದರೆ ಅವು ಹೊಸ ರಾಣಿಯನ್ನೂ ಬೆಳೆಸಿಕೊಳ್ಳಬಲ್ಲವು.

ಪೆಟ್ಟಿಗೆಯ ಬಾಯನ್ನು ಹಳೆ ತೂತಿನ ಹತ್ತಿರ ಇಟ್ಟು ಕತ್ತಲಾಗುವವರೆಗೆ ಬಿಡಿ. ಹೊರಗಿನಿಂದ ಬಂದವು ಅದರೊಳಗೆ ಸೇರುತ್ತವೆ. ರಾತ್ರಿ ಬಾಯಿಗೆ ಜಾಲರಿ ಹಾಕಿ ಸಾಗಿಸಿ. ಪಕ್ಕದ ಬೀದಿಗೆ ಒಯ್ದರೆ ಉಪಯೋಗವಿಲ್ಲ, ನೊಣಗಳು ಮರುದಿನ ನೆನಪಿನ ಜಾಗಕ್ಕೇ ವಾಪಸ್ ಬರುತ್ತವೆ. ಯುರೋಪಿಯನ್ ಜೇನಾದರೆ ಐದು ಕಿಲೋಮೀಟರ್ ದೂರ ಒಳ್ಳೆಯದು. ತುಡುವೆ ಅಷ್ಟು ದೂರ ಹಾರುವುದಿಲ್ಲ, ಎರಡು ಮೂರು ಕಿಲೋಮೀಟರ್ ಸಾಕು. ತುಡುವೆ ಹೊಸ ಪೆಟ್ಟಿಗೆ ಬಿಟ್ಟು ಹೋಗುವುದು ಜಾಸ್ತಿ. ಮೊದಲ ಕೆಲವು ದಿನ ಬಾಯಿಗೆ ರಾಣಿ ದಾಟಲಾಗದ ತಡೆ ಹಾಕಿ, ಸಂಜೆ ಹೊತ್ತು ಸಕ್ಕರೆ ಪಾಕ ಕೊಡಿ.

ಒಡೆಯಲು ಆಗದ ಗೋಡೆಯಾದರೆ

ಕಲ್ಲಿನ ಗೋಡೆ, ಕಾಂಕ್ರೀಟು, ಒಡೆಯಲು ಮನಸ್ಸು ಬಾರದ ಹಳೆ ಕಟ್ಟಡ. ಇಂಥ ಕಡೆ ಜಾಲರಿಯ ಆಲಿಕೆ ಕಟ್ಟಿ ಹೊರಗೆಳೆಯುವ ವಿಧಾನ ಇದೆ. 3 ಮಿಲಿಮೀಟರ್ ಕಣ್ಣಿನ ತಂತಿ ಜಾಲರಿಯನ್ನು ಒಂದಡಿಗಿಂತ ತುಸು ಉದ್ದದ ಆಲಿಕೆ ಮಾಡಿ. ಅಗಲದ ಬಾಯನ್ನು ತೂತಿನ ಸುತ್ತ ಬಿಗಿಯಾಗಿ ಕೂರಿಸಿ. ತುದಿಯಲ್ಲಿ ಒಂದು ಸೆಂಟಿಮೀಟರ್ ರಂಧ್ರ ಉಳಿಸಿ. ಉಳಿದ ಸಣ್ಣಪುಟ್ಟ ಸಂದಿಗಳನ್ನೆಲ್ಲ ಮುಚ್ಚಿ. ನೊಣ ತುದಿಯಿಂದ ಹೊರಗೆ ಹೋಗುತ್ತದೆ, ಬರುವಾಗ ಗೂಡಿನ ವಾಸನೆ ಹಿಡಿದು ಬುಡಕ್ಕೆ ಬಂದು ಒದ್ದಾಡುತ್ತದೆ, ತುದಿಯ ದಾರಿ ಹೊಳೆಯುವುದಿಲ್ಲ. ಪಕ್ಕದಲ್ಲೇ ಎಳೆ ಮರಿ ಇರುವ ಒಂದು ಎರಿ ಹಾಕಿದ ಪೆಟ್ಟಿಗೆ ಇಟ್ಟರೆ ಅದರೊಳಗೆ ಸೇರಿಕೊಳ್ಳುತ್ತದೆ.

ಇದಕ್ಕೆ ತಾಳ್ಮೆ ಬೇಕು. ಯುರೋಪಿಯನ್ ಜೇನಿನ ಮೊಟ್ಟೆ ಕೆಲಸಗಾರ ನೊಣವಾಗಿ ಹೊರಬರಲು 21 ದಿನ ಬೇಕು. ಆಲಿಕೆ ಕಟ್ಟಿದ ಮೇಲೂ ರಾಣಿ ಒಳಗೆ ಕೆಲವು ದಿನ ಮೊಟ್ಟೆ ಇಡುತ್ತಿರುತ್ತದೆ, ಹಾಗಾಗಿ ಒಳಗಿನ ಮರಿಗಳೆಲ್ಲ ಹುಟ್ಟಿ ಹೊರಬರುವವರೆಗೆ ಐದಾರು ವಾರವಾದರೂ ಹಿಡಿಯುತ್ತದೆ. ರಾಣಿ ಸಾಮಾನ್ಯವಾಗಿ ಹೊರಬರುವುದಿಲ್ಲ. ದಿನವೂ ಆಲಿಕೆ ನೋಡಬೇಕು. ಸತ್ತ ನೊಣ ತುದಿಯನ್ನು ಕಟ್ಟಿರಬಹುದು, ಅಥವಾ ಹೊಸ ಸಂದಿ ಕಂಡುಕೊಂಡಿರಬಹುದು. ಒಳಗೆ ಓಡಾಟ ಪೂರ್ತಿ ನಿಂತ ಮೇಲೆ ಆಲಿಕೆ ಬಿಚ್ಚಿ. ಪೆಟ್ಟಿಗೆಯ ನೊಣಗಳೇ ಒಳಗಿನ ಜೇನನ್ನು ಹೊತ್ತು ತರುತ್ತವೆ. ಅದು ಮುಗಿದ ಕೂಡಲೇ ತೂತು ಮುಚ್ಚಿ, ಬಿಟ್ಟರೆ ಮತ್ತೆ ಕುಟುಂಬ ಕಟ್ಟುತ್ತವೆ. ಒಣ ಮೇಣ ಗೋಡೆಯಲ್ಲೇ ಉಳಿಯುತ್ತದೆ ಎನ್ನುವುದು ಇದರ ಕೊರತೆ. ಬೇರೆ ದಾರಿ ಇದ್ದರೆ ನಾನು ಇದನ್ನು ಆರಿಸುವುದಿಲ್ಲ.

ಹೆಜ್ಜೇನು ಕಟ್ಟಿದ್ದರೆ

ಇದು ವಲಸೆ ಹೋಗುವ ಜೇನು. ಹೂವಿನ ಕಾಲಕ್ಕೆ ಬಂದು ಕೆಲವು ತಿಂಗಳಿದ್ದು, ಖಾಲಿ ಎರಿ ಬಿಟ್ಟು ತಾನೇ ಹೊರಡುತ್ತದೆ. ಜನ ಓಡಾಡದ ಎತ್ತರದಲ್ಲಿದ್ದರೆ ಕಾಯುವುದೇ ಸರಿ. ಅಲ್ಲಿಯವರೆಗೆ ಆ ಬದಿಯ ಕಿಟಕಿ ಮುಚ್ಚಿಡಿ, ಇಲ್ಲವೇ ಜಾಲರಿ ಹಾಕಿ. ರಾತ್ರಿ ದೀಪಕ್ಕೆ ಈ ನೊಣಗಳು ಬರುತ್ತವೆ, ಆ ಕಡೆಯ ದೀಪ ಆರಿಸಿ, ಪರದೆ ಎಳೆಯಿರಿ. ಪಟಾಕಿ, ಹೊಗೆ, ಹತ್ತಿರದಲ್ಲಿ ಜನರೇಟರ್, ಹುಲ್ಲು ಕತ್ತರಿಸುವ ಯಂತ್ರ ಯಾವುದೂ ಬೇಡ. ಶಾಲೆ, ಆಸ್ಪತ್ರೆ, ಮಕ್ಕಳು ಆಡುವ ಜಾಗದ ಮೇಲಿದ್ದರೆ ಕಾಯಲಾಗದು. ಆಗ ಹೆಜ್ಜೇನಿನಲ್ಲೇ ಅನುಭವ ಇರುವವರು ಬರಬೇಕು, ಕಟ್ಟಡ ಖಾಲಿ ಮಾಡಿಸಿ ಕತ್ತಲಲ್ಲಿ ಕೆಲಸ ಮಾಡಬೇಕು.

ಜೇನು ಹೋದ ಮೇಲೆ ಖಾಲಿ ಎರಿಯನ್ನು ಸುಮ್ನೆ ಬಿಡಬೇಡಿ. ಮುಂದಿನ ವರ್ಷ ಅದೇ ಜಾಗಕ್ಕೆ ಬಂದು ಕಟ್ಟುವುದು ಹೆಜ್ಜೇನಿನ ರೂಢಿ. ಮೇಣದ ಗುರುತೂ ಉಳಿಯದಂತೆ ಕೆರೆದು, ತೊಳೆದು, ಬಣ್ಣ ಬಳಿದು, ಸಜ್ಜೆಯ ಕೆಳಗೆ ಬಿಗಿಯಾಗಿ ಬಲೆ ಕಟ್ಟಿಸಿ.

ಕೊನೆಯ ಹಂತ: ತೊಳೆಯುವುದು, ಮುಚ್ಚುವುದು

ಪೊಟರೆಯೊಳಗಿನ ಮೇಣವನ್ನು ಕೆಳಗಿನ ಗೋಡೆ ಅಥವಾ ಹಲಗೆ ಕಾಣುವವರೆಗೂ ಕೆರೆಯಿರಿ. ಬಿಸಿನೀರು, ಸೋಪು ಹಾಕಿ ಉಜ್ಜಿ, ಒಣಗಲು ಬಿಡಿ. ನಮ್ಮ ಮೂಗಿಗೆ ವಾಸನೆ ಹೋಯಿತು ಅನ್ನಿಸಿದರೂ ಜೇನಿಗೆ ಹೋಗಿರುವುದಿಲ್ಲ. ಅದಕ್ಕೇ ಒಣಗಿದ ಮೇಲೆ ಒಂದು ಕೈ ಅರಗಿನ ಪ್ರೈಮರ್ ಅಥವಾ ಎಣ್ಣೆ ಬಣ್ಣ ಬಳಿಯಿರಿ. ಆಮೇಲೆ ಆ ಖಾಲಿ ಜಾಗವನ್ನು ಶಾಖನಿರೋಧಕ ಹತ್ತಿಯಿಂದಲೋ ಬೇರೆ ಏನಾದರಿಂದಲೋ ಗಿಡಿದು ತುಂಬಿ. ಅಮೆರಿಕದ ಜೇನು ವಿಜ್ಞಾನಿ ಥಾಮಸ್ ಸೀಲಿ ನಡೆಸಿದ ಪ್ರಯೋಗಗಳಲ್ಲಿ ಯುರೋಪಿಯನ್ ಜೇನಿನ ಹಿಂಡುಗಳು ಸುಮಾರು 40 ಲೀಟರ್ ಅಳತೆಯ, ಸಣ್ಣ ಬಾಯಿಯ, ನೆಲದಿಂದ ಎತ್ತರದ ಪೊಟರೆಯನ್ನು ಇಷ್ಟಪಟ್ಟವು. ಖಾಲಿ ಜಾಗವೇ ಇಲ್ಲದಿದ್ದರೆ ನೋಡಲು ಬಂದವು ಒಪ್ಪುವುದಿಲ್ಲ.

3 ಮಿಲಿಮೀಟರಿಗಿಂತ ದೊಡ್ಡ ಸಂದಿಗಳನ್ನೆಲ್ಲ ಸಿಮೆಂಟು, ಪುಟ್ಟಿ, ಸೀಲಂಟಿನಿಂದ ಮುಚ್ಚಿ. ಗಾಳಿ ಆಡಬೇಕಾದ ಕಡೆ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿ. ಪೈಪು ಗೋಡೆ ಸೇರುವ ಜಾಗ, ಎಸಿ ವಯರಿನ ತೂತು, ರೋಲಿಂಗ್ ಶಟರಿನ ಪೆಟ್ಟಿಗೆ, ಮೀಟರ್ ಬಾಕ್ಸಿನ ಹಿಂಭಾಗ ಇವನ್ನು ಜನ ಮರೆಯುತ್ತಾರೆ. ತೆಗೆದ ಮೇಲೂ ಕೆಲವು ದಿನ ನಾಲ್ಕಾರು ನೊಣ ಹಳೆ ಜಾಗದ ಸುತ್ತ ಸುಳಿಯುತ್ತವೆ. ಅವು ಹೊರಕೆಲಸಕ್ಕೆ ಹೋಗಿ ತಪ್ಪಿಸಿಕೊಂಡವು. ಅವಕ್ಕೆ ಏನೂ ಮಾಡಬೇಕಿಲ್ಲ. ವಾರ ಕಳೆದರೂ ಸಂಖ್ಯೆ ಇಳಿಯದೆ, ಕಾಲಲ್ಲಿ ಪರಾಗ ಕಾಣಿಸಿದರೆ ಮಾತ್ರ ಒಳಗೆ ಇನ್ನೊಂದು ಎರಿ ಉಳಿದಿದೆ ಎಂದು ತಿಳಿದು ಆ ಜಾಗವನ್ನು ಮತ್ತೆ ತೆರೆಸಿ ನೋಡಿ.